ಶೋಧನೆ: ಡಿಕ್ಕಿ ತೆಗೆಸೋಕೂ ಕಾರಣ ಬೇಕು

ಚೆಕ್‌ಪೋಸ್ಟ್‌ನಲ್ಲಿ ಗಾಡಿ ಸೈಡಿಗೆ ಹಾಕಿಸಿ ಪೊಲೀಸರು ಮಾಡುವ ಕೆಲಸ ಎರಡು ಬಗೆಯದು. ಡಿಎಲ್, ಆರ್‌ಸಿ, ಇನ್ಶೂರೆನ್ಸ್ ನೋಡುವುದು ತಪಾಸಣೆ. ಡಿಕ್ಕಿ ತೆಗೆಸಿ, ಸೀಟಿನಡಿ ಕೈ ಹಾಕಿ, ಬ್ಯಾಗು ಬಿಚ್ಚಿಸಿ ಹುಡುಕುವುದು ಶೋಧನೆ. ತಪಾಸಣೆಗೆ 1988ರ ಮೋಟಾರು ವಾಹನ ಕಾಯ್ದೆ ಸಾಕು. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ದಾಖಲೆ ತೋರಿಸಲೇಬೇಕು, ಡಿಜಿಲಾಕರ್‌ನಲ್ಲಿದ್ದರೂ ನಡೆಯುತ್ತದೆ. ಶೋಧನೆಗೆ ಇಷ್ಟು ಸಾಲದು. ಮಲೆನಾಡಿನ ಘಾಟಿ ರಸ್ತೆಗಳಲ್ಲಿ ಓಡಾಡುವ ನಮಗೆ ಮೊದಲನೆಯದು ಎಲ್ಲಿ ಮುಗಿದು ಎರಡನೆಯದು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ಸ್ಥಳ’ ಎಂದರೆ ಮನೆ, ಕಟ್ಟಡ, ಡೇರೆಗಳ ಜೊತೆಗೆ ವಾಹನವೂ ಸೇರಿದೆ. ತನಿಖೆಯ ವೇಳೆ ವಾರಂಟ್ ಇಲ್ಲದೆ ಹುಡುಕಬೇಕಾದರೆ, ಅಧಿಕಾರಿ ಏನು ಹುಡುಕುತ್ತಿದ್ದೇನೆ, ಯಾಕೆ ಎಂದು ಮೊದಲೇ ಬರೆದಿಡಬೇಕು (ಕಲಂ 185). ಅದರ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. ‘ಸುಮ್ನೆ ನೋಡೋಣ ಅಂತ’ ಎನ್ನುವುದು ಕಾರಣವಲ್ಲ. ಸಿಕ್ಕಿದ ವಸ್ತುಗಳ ಪಟ್ಟಿಗೆ ಪಂಚರ, ಅಂದರೆ ಶೋಧನೆಗೆ ಸಾಕ್ಷಿಯಾಗಿ ನಿಲ್ಲುವವರ, ಸಹಿ ಬೇಕು. ಹುಲಿಕಲ್ ಘಾಟಿಯ ತಿರುವಿನಲ್ಲಿ, ಜಡಿಮಳೆಯ ನಡುರಾತ್ರಿ, ಇಬ್ಬರು ಪಂಚರನ್ನು ಎಲ್ಲಿಂದ ತರುವುದು ಎಂಬುದು ಬೇರೆ ಮಾತು. ಈಗ ಶೋಧನೆಯನ್ನು ವಿಡಿಯೊ ಮಾಡುವುದೂ ಕಡ್ಡಾಯ (ಕಲಂ 105), ಮೊಬೈಲ್‌ನಲ್ಲೇ ಮಾಡಬಹುದು. ನನ್ನ ಮಟ್ಟಿಗೆ ಹೊಸ ಕಾನೂನಿನಲ್ಲಿ ಜನರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಕಲಂ ಇದು.

ಇದರ ಹಿಂದಿರುವುದು ಖಾಸಗಿತನದ ಹಕ್ಕು. ಅದನ್ನು ಕೇಳಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಇದು ಮೂಲಭೂತ ಹಕ್ಕು ಎಂದರು. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದರೆ ಕಾನೂನಿನ ಬೆಂಬಲ ಇರಬೇಕು, ಉದ್ದೇಶ ಸರಿಯಿರಬೇಕು, ಕ್ರಮ ಅಗತ್ಯಕ್ಕಿಂತ ಜಾಸ್ತಿ ಆಗಬಾರದು.

ಗಾಂಜಾದಂಥ ಪ್ರಕರಣಗಳಲ್ಲಿ ಮಾದಕ ವಸ್ತುಗಳ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆ ಬರುತ್ತದೆ. ಸಾರ್ವಜನಿಕ ಜಾಗದಲ್ಲಿ ಹುಡುಕಲು ಅದರಲ್ಲಿ ನಿಯಮ ಸಡಿಲ. ಹಾಗಾದರೆ ರಸ್ತೆ ಬದಿ ನಿಂತ ಸ್ವಂತ ಜೀಪು ಸಾರ್ವಜನಿಕ ಜಾಗವೇ? ಹರಿಯಾಣದ ಬೂಟಾ ಸಿಂಗ್ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತ್ತು. ಅಲ್ಲ ಎಂದಿತು ಸುಪ್ರೀಂ ಕೋರ್ಟ್, 2021ರಲ್ಲಿ. ರಸ್ತೆ ಎಲ್ಲರದು, ಜೀಪು ಅಲ್ಲ. ಹಾಗಾಗಿ ಬಂದ ಮಾಹಿತಿಯನ್ನು ಬರೆದಿಟ್ಟು ಮೇಲಧಿಕಾರಿಗೆ ಕಳಿಸುವ ಕಲಂ 42ರ ಕಟ್ಟುನಿಟ್ಟು ಅನ್ವಯಿಸುತ್ತಿತ್ತು. ಪೊಲೀಸರು ಅದನ್ನು ಪಾಲಿಸಿರಲಿಲ್ಲ, ಆರೋಪಿಗಳು ಬಿಡುಗಡೆಯಾದರು.

ಎಲ್ಲ ಕೇಸಿನಲ್ಲೂ ಹೀಗಾಗುತ್ತದೆ ಅಂದುಕೊಳ್ಳಬೇಡಿ. ಶೋಧನೆ ಕ್ರಮಬದ್ಧವಾಗಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಸಿಕ್ಕ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂದು 1973ರಲ್ಲೇ ಪೂರಣ್ ಮಲ್ ಪ್ರಕರಣದಲ್ಲಿ ತೀರ್ಪಾಗಿದೆ. ಅದು ಆದಾಯ ತೆರಿಗೆ ದಾಳಿಯ ವಿಷಯ, ಆದರೂ ಇವತ್ತಿಗೂ ಕೋರ್ಟುಗಳು ಅದನ್ನೇ ಎತ್ತಿ ಹೇಳುತ್ತವೆ. ಖಾಸಗಿತನ ಮೂಲಭೂತ ಹಕ್ಕಾದ ಮೇಲೂ ಇದು ಹೀಗೇ ಉಳಿದಿರುವುದು ಸರಿಯಲ್ಲ ಅನ್ನಿಸುತ್ತದೆ. ತಪ್ಪು ದಾರಿಯಲ್ಲಿ ಹುಡುಕಿದರೂ ನಷ್ಟವಿಲ್ಲ ಎಂದಾದರೆ ಬರೆದಿಡುವ ತಾಪತ್ರಯ ಯಾರಿಗೆ ಬೇಕು?

ನಮ್ಮ ಕಡೆ ಜಾಸ್ತಿ ಜನ ಶೋಧನೆಗೆ ಸಿಕ್ಕಿಕೊಳ್ಳುವುದು ಚುನಾವಣೆ ಸಮಯದಲ್ಲಿ. ಸಾಗರದ ಮಂಡಿಯಲ್ಲಿ ಅಡಿಕೆ ಮಾರಿ ನಗದು ಹಿಡಿದು ಬರುವವರನ್ನು ತನಿಖಾ ತಂಡ ನಿಲ್ಲಿಸುತ್ತದೆ. 50,000 ರೂಪಾಯಿಗಿಂತ ಹೆಚ್ಚಿದ್ದರೆ ದಾಖಲೆ ಕೇಳುತ್ತಾರೆ. ಮಂಡಿ ಬಿಲ್ ಜೊತೆಗಿಟ್ಟುಕೊಳ್ಳಿ. ಆದರೂ ಹಣ ಹಿಡಿದರೆ ರಸೀದಿ ಪಡೆಯದೆ ಜಾಗ ಬಿಡಬೇಡಿ. ಅದನ್ನು ವಾಪಸ್ ಕೊಡಿಸಲು ಆ ಸಮಯದಲ್ಲಿ ಜಿಲ್ಲಾ ಮಟ್ಟದ ಅಧಿಕಾರಿಗಳ ಸಮಿತಿ ಇರುತ್ತದೆ, ಅರ್ಜಿ ಅಲ್ಲಿಗೆ ಕೊಡಬೇಕು.