ನೌಕೆಗೆ ದಪ್ಪ ಉಕ್ಕಿನ ಕವಚ ತೊಡಿಸಿದರೆ ಸಾಲದೇ?

ಪ್ರಶ್ನೆ: ಬಾಹ್ಯಾಕಾಶದಿಂದ ಮರಳುವ ನೌಕೆ ಕೆಂಡದಂತೆ ಕಾಯುತ್ತದೆ ಎನ್ನುತ್ತೀರಿ. ಹಾಗಿದ್ದರೆ ಗಟ್ಟಿ ಉಕ್ಕನ್ನು ಬಿಟ್ಟು, ಉಗುರು ತಾಗಿದರೂ ಗೀರು ಬೀಳುವ ಹಗುರ ಬಿಲ್ಲೆಗಳನ್ನು ಅಂಟಿಸುವುದೇಕೆ?

ಉತ್ತರ: ಕಕ್ಷೆಯಲ್ಲಿರುವ ನೌಕೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ಓಡುತ್ತಿರುತ್ತದೆ. ಆ ವೇಗದಲ್ಲಿ ಅದರ ಪ್ರತಿ ಕಿಲೋದಲ್ಲೂ ಸುಮಾರು 30 ಮೆಗಾಜೂಲ್ ಶಕ್ತಿ ಇರುತ್ತದೆ. ಒಂದು ಕಿಲೋ ಕಬ್ಬಿಣವನ್ನು ಕರಗಿಸಿ, ಕುದಿಸಿ, ಪೂರ್ತಿ ಆವಿ ಮಾಡಲು ಇದರ ಮೂರನೇ ಒಂದು ಭಾಗ ಸಾಕು! ಪುಣ್ಯಕ್ಕೆ ಅಷ್ಟೂ ಕಾವು ನೌಕೆಗೆ ತಟ್ಟುವುದಿಲ್ಲ. ಮೊಂಡು ಮೂತಿ ಮುಂದಿನ ಗಾಳಿಯನ್ನು ಅದುಮಿ ಆಘಾತ ತರಂಗ ಎಬ್ಬಿಸುತ್ತದೆ. ಕಾವಿನ ಬಹುಪಾಲು ಆ ಗಾಳಿಯ ಜೊತೆಗೇ ಹರಿದುಹೋಗುತ್ತದೆ. (ಗಾಳಿ ಉಜ್ಜಿ ಬಿಸಿಯಾಗುತ್ತದೆ ಎಂದು ನಾವು ಕಲಿತದ್ದು ಅರೆಸತ್ಯ. ಮುಖ್ಯ ಕಾರಣ ಈ ಅದುಮುವಿಕೆ.) ಉಳಿದ ಚೂರು ಕಾವೇ, ಮತ್ತೆ ಮತ್ತೆ ಹಾರುತ್ತಿದ್ದ ನಾಸಾದ ನೌಕೆ ಸ್ಪೇಸ್ ಷಟಲ್‌ನ ಹೊಟ್ಟೆಯನ್ನು 1,200 ಡಿಗ್ರಿ ಸೆಲ್ಸಿಯಸ್ ದಾಟಿಸುತ್ತಿತ್ತು.

ಅದರೊಳಗಿನ ಅಲ್ಯೂಮಿನಿಯಂ ಮೈ ಮಾತ್ರ ಸುಮಾರು 177 ಡಿಗ್ರಿ ಮೀರುವಂತಿರಲಿಲ್ಲ. ಉಕ್ಕು ಎಷ್ಟೇ ಗಟ್ಟಿಯಿದ್ದರೂ ಹೊರಗಿನ ಕಾವನ್ನು ಒಳಗೆ ದಾಟಿಸಿಬಿಡುತ್ತದೆ. ಕಾವು ತಡೆಯುವ ಕೆಲಸದಲ್ಲಿ ನಿಶ್ಚಲ ಗಾಳಿಯಷ್ಟು ಅಗ್ಗದ, ಹಗುರದ ಸಾಮಗ್ರಿ ಇನ್ನೊಂದಿಲ್ಲ. ಷಟಲ್ ಬಿಲ್ಲೆಗಳೆಂದರೆ ಅದೇ: ಸಿಲಿಕಾದ ನವಿರು ಎಳೆಗಳ ಹೆಣಿಗೆ, ಒಳಗೆ ಶೇ. 90ಕ್ಕೂ ಹೆಚ್ಚು ಖಾಲಿ ಜಾಗ. ಮುಖ್ಯ ಬಗೆಯ ಬಿಲ್ಲೆಯ ತೂಕ ಘನ ಮೀಟರಿಗೆ 144 ಕಿಲೋ, ನೀರಿನ ಏಳನೇ ಒಂದು ಭಾಗ. ಒಳಗೆ ಇನ್ನೂ ಕೆಂಪಗೆ ಹೊಳೆಯುತ್ತಿರುವ ಬಿಲ್ಲೆಯನ್ನು ಕುಲುಮೆಯಿಂದ ತೆಗೆದ ಕೆಲವೇ ಸೆಕೆಂಡುಗಳಲ್ಲಿ ಮೂಲೆ ಹಿಡಿದು ಬರಿಗೈಯಲ್ಲಿ ಎತ್ತಬಹುದು. ಹೊಟ್ಟೆಯ ಬಿಲ್ಲೆಗಳ ಮೇಲಿನ ಕಪ್ಪು ಲೇಪ ಕಾವನ್ನು ಮತ್ತೆ ಹೊರಕ್ಕೆ ಸೂಸುತ್ತದೆ. ಎಂದರೆ ಇಲ್ಲಿ ಹಗುರತನ ಬರೀ ತೂಕದ ಉಳಿತಾಯವಲ್ಲ, ಕವಚದ ಶಕ್ತಿಯೇ ಅದು.

ಒಮ್ಮೆ ಮಾತ್ರ ಇಳಿಯುವ ಕೋಶಕ್ಕಾದರೆ (ಕ್ಯಾಪ್ಸೂಲ್) ತಾನೇ ಸುಟ್ಟು ಸವೆಯುತ್ತ ಕಾವನ್ನು ಹೊತ್ತೊಯ್ಯುವ ಕವಚ ಸಾಕು. ಅಪೊಲೊ ಹಾಗೆಯೇ ಇಳಿದದ್ದು. ಮತ್ತೆ ಮತ್ತೆ ಹಾರಬೇಕೆಂದಾಗ ನಿಜವಾದ ಪೇಚಾಟ ಶುರು. ಕಾಯ್ದಾಗ ಅಲ್ಯೂಮಿನಿಯಂ ಸಿಲಿಕಾಗಿಂತ ಹತ್ತಾರು ಪಟ್ಟು ಹಿಗ್ಗುತ್ತದೆ. ನೇರವಾಗಿ ಅಂಟಿಸಿದರೆ ಬಿಲ್ಲೆ ಬಿರಿಯುತ್ತದೆ. ಹಾಗಾಗಿ ನಡುವೆ ಮೆತ್ತನೆಯ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ಪದರ, ಬಿಲ್ಲೆಗಳ ಮಧ್ಯೆ ಸಣ್ಣ ಸಂದು. ಇಂಥ 24,000ಕ್ಕೂ ಹೆಚ್ಚು ಬಿಲ್ಲೆಗಳು, ಬಹುತೇಕ ಒಂದರ ಅಳತೆ ಇನ್ನೊಂದಕ್ಕಿಲ್ಲ. ನೀರು ಹೀರದಂತೆ ಪ್ರತಿ ಹಾರಾಟದ ನಂತರ ರಾಸಾಯನಿಕ ಚುಚ್ಚಬೇಕಿತ್ತು. 1988ರ ಡಿಸೆಂಬರಿನಲ್ಲಿ ಅಟ್ಲಾಂಟಿಸ್ ಎಂಬ ಷಟಲ್ ಇಳಿದಾಗ 700ಕ್ಕೂ ಹೆಚ್ಚು ಬಿಲ್ಲೆಗಳು ಜಖಂ ಆಗಿದ್ದವು, ಒಂದಂತೂ ಇರಲೇ ಇಲ್ಲ. ಆ ಜಾಗದಡಿ ಆಂಟೆನಾಕ್ಕೆಂದು ದಪ್ಪ ಲೋಹದ ಫಲಕ ಇದ್ದದ್ದು ಅದೃಷ್ಟ. ನಿಮ್ಮ ವಾದಕ್ಕೆ ಇದೊಂದು ಸಾಕ್ಷಿ, ಒಪ್ಪುತ್ತೇನೆ.

ನಿಮ್ಮ ಉಕ್ಕಿನ ನೌಕೆಯೂ ಈಗ ಬಂದಿದೆ: ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್. ಸ್ಟೇನ್‌ಲೆಸ್ ಉಕ್ಕು ಅಲ್ಯೂಮಿನಿಯಂಗಿಂತ ಹೆಚ್ಚು ಕಾವು ತಾಳುತ್ತದೆ, ಹಾಗಾಗಿ ಕವಚ ತೆಳುವಾದರೂ ನಡೆಯುತ್ತದೆ. ಬಿಲ್ಲೆಗಳು ಆರು ಮೂಲೆಯವು, ಬಹುಪಾಲು ಒಂದೇ ಅಳತೆಯವು, ಹೆಚ್ಚಿನವನ್ನು ಅಂಟಿಸದೆ ಪಿನ್ನಿಗೆ ಸಿಕ್ಕಿಸಿರುತ್ತಾರೆ. ಆದರೆ ಗಾಳಿಗೆ ಎದುರಾಗುವ ಮಗ್ಗುಲನ್ನು ಬರಿ ಉಕ್ಕಾಗಿ ಬಿಡುವ ಧೈರ್ಯ ಅವರಿಗೂ ಬಂದಿಲ್ಲ.