ನಾಲಿಗೆ ಕೆಳಗಿನ ಮಾತ್ರೆ ಎದೆನೋವು ಇಳಿಸೋದು ಹೇಗೆ? ಡಾಕ್ಟರುಗಳೇ ನೂರು ವರ್ಷ ತಲೆ ಕೆಡಿಸ್ಕೊಂಡ ಕಥೆ

ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಂಡು, ಸ್ವಲ್ಪ ನಿಂತ್ರೆ ಬಿಡುತ್ತಲ್ಲ, ಆ ಆಂಜೈನಾಗೆ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ಕೊಡ್ತಾರೆ. ಯಾರನ್ನ ಕೇಳಿದ್ರೂ "ಬ್ಲಾಕ್ ಆಗಿರೋ ನಾಳ ಅಗಲ ಆಗುತ್ತೆ, ಹಾರ್ಟಿಗೆ ರಕ್ತ ಜಾಸ್ತಿ ಹೋಗುತ್ತೆ" ಅಂತಾರೆ. ಅದು ಅರ್ಧ ಮಾತ್ರ ನಿಜ.

ಶುರುವಾಗಿದ್ದು ಇದೇ ಜಾತಿಯ, ಡೈನಮೈಟ್ ಒಳಗಿರೋ ನೈಟ್ರೋಗ್ಲಿಸರಿನ್‌ನಿಂದ. 1847ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಅಸ್ಕಾನಿಯೋ ಸೊಬ್ರೆರೋ ಅದನ್ನ ತಯಾರಿಸಿ, ಒಂಚೂರು ನಾಲಿಗೆಗೆ ಮುಟ್ಟಿಸ್ಕೊಂಡು ವಿಪರೀತ ತಲೆನೋವು ಬರುತ್ತೆ ಅಂತ ಬರೆದಿಟ್ಟ. 1867ರಲ್ಲಿ ಎಡಿನ್‌ಬರಾದ ಲಾಡರ್ ಬ್ರಂಟನ್ ಅಮೈಲ್ ನೈಟ್ರೈಟ್ ಅನ್ನೋ, ನಾಳ ಸಡಿಲಿಸೋ ಇನ್ನೊಂದು ಮದ್ದನ್ನ ಮೂಸಿಸಿ ಆಂಜೈನಾ ಇಳಿಸಿದ. ಆಮೇಲೆ ಲಂಡನ್ನಿನ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನ್ ಬಾಟಲಿಯ ಒದ್ದೆ ಬಿರಡೆಯನ್ನ ತನ್ನ ನಾಲಿಗೆಗೇ ತಾಗಿಸಿ ನೋಡಿದ, ಎದೆ ಎಷ್ಟು ಜೋರಾಗಿ ಹೊಡ್ಕೊಳ್ತು ಅಂದ್ರೆ ಕೈಲಿದ್ದ ಪೆನ್ನು ಪ್ರತಿ ಬಡಿತಕ್ಕೂ ಕುಣೀತಿತ್ತಂತೆ! ರೋಗಿಗಳಿಗೆ ಕೊಟ್ಟು 1879ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ.

ಮದ್ದು ಕೆಲಸ ಮಾಡ್ತಿತ್ತು, ಯಾಕೆ ಅನ್ನೋದೇ ಗೊಂದಲ. 1972ರಲ್ಲಿ ಗ್ಯಾಂಜ್, ಮಾರ್ಕಸ್ ಅನ್ನೋರು ಪೇಸಿಂಗ್‌ನಿಂದ, ಅಂದ್ರೆ ಕರೆಂಟಿನ ಮಿಡಿತ ಕೊಟ್ಟು, ಹಾರ್ಟ್ ಓಡಿಸಿ ಆಂಜೈನಾ ಬರಿಸಿ, ನೈಟ್ರೋಗ್ಲಿಸರಿನ್ನನ್ನ ನೇರ ಕರೋನರಿ ನಾಳಕ್ಕೇ (ಹಾರ್ಟಿಗೇ ರಕ್ತ ಕೊಡೋ ನಾಳ) ಬಿಟ್ರು, ನೋವು ಹೋಗ್ಲಿಲ್ಲ. ಅದೇ ಮದ್ದು ಸಿರೆಯ ಮೂಲಕ ಇಡೀ ಮೈಗೆ ಹೋದಾಗ ನೋವು ಹೋಯ್ತು. ನನಗೆ ಈ ಕಥೇಲಿ ಅತಿ ಚೆಂದ ಅನ್ಸೋ ಪ್ರಯೋಗ ಇದೇ. ಅಂದ್ರೆ ಮುಖ್ಯ ಕೆಲಸ ನಡೆಯೋದು ಹಾರ್ಟಿನ ಹೊರಗೆ: ನೈಟ್ರೇಟ್ ಮೈಯ ಸಿರೆಗಳನ್ನ ಸಡಿಲ ಮಾಡುತ್ತೆ, ರಕ್ತ ಅಲ್ಲೇ ನಿಲ್ಲುತ್ತೆ, ಹಾರ್ಟಿಗೆ ವಾಪಸ್ ಬರೋದು ಕಮ್ಮಿ, ಹಾರ್ಟಿನ ಕೋಣೆ ಚಿಕ್ಕದಾಗಿ ಗೋಡೆ ಮೇಲಿನ ಎಳೆತ ಇಳಿಯುತ್ತೆ, ಆಕ್ಸಿಜನ್ ಕಮ್ಮಿ ಸಾಕಾಗುತ್ತೆ. ಬಿಪಿ ಇಳಿಯೋದರಿಂದ್ಲೇ ಕೂತ್ಕೊಂಡು ಇಟ್ಕೊಳ್ಳಿ ಅನ್ನೋದು, ವಯಾಗ್ರಾ ಜೊತೆ ಬೇಡವೇ ಬೇಡ ಅನ್ನೋದು.

ಹಾಗಂತ ಕರೋನರಿ ವಾದ ಪೂರ್ತಿ ಸುಳ್ಳಲ್ಲ. ವ್ಯಾಯಾಮದಲ್ಲಿ ಬ್ಲಾಕ್ ಇರೋ ಜಾಗವೇ ಇನ್ನಷ್ಟು ಬಿಗಿಯುತ್ತೆ, ನೈಟ್ರೇಟ್ ಅದನ್ನ ತಡೆಯುತ್ತೆ ಅಂತ 1980ರ ದಶಕದಲ್ಲಿ ತಿಳೀತು. ಇದೆಲ್ಲಾ ಈ ಮದ್ದುಗಳಿಂದ ಮೈಯೊಳಗೆ ಹುಟ್ಟಿ ನಾಳ ಸಡಿಲಿಸೋ ನೈಟ್ರಿಕ್ ಆಕ್ಸೈಡ್ ಅನಿಲದ ಆಟ ಅನ್ನೋದರ ಸುಳಿವು 1977ರಲ್ಲಿ ಫೆರಿದ್ ಮುರಾದ್‌ಗೆ ಸಿಕ್ಕಿತ್ತು, 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ ಜೊತೆ ಅವನಿಗೂ ನೊಬೆಲ್ ಬಂತು.

ಇನ್ನೊಂದು ತಾಪತ್ರಯ, ದೇಹ ಬೇಗ ಒಗ್ಗಿಹೋಗುತ್ತೆ. ಡೈನಮೈಟ್ ಕಾರ್ಖಾನೆ ಕೆಲಸಗಾರರಿಗೆ ಭಾನುವಾರದ ರಜೆ ಮುಗಿದು ಸೋಮವಾರ ತಲೆನೋವು, ವಾರ ಕಳೀತಾ ಮಾಯ. ಅದಕ್ಕೇ ದಿನಾ ತಗೊಳ್ಳೋ ನೈಟ್ರೇಟ್‌ಗೆ ಡಾಕ್ಟರು 10-12 ಗಂಟೆ ಬಿಡುವು ಇಡೋದು, ಸಾಮಾನ್ಯವಾಗಿ ರಾತ್ರಿ ಹೊತ್ತು.