ಹಾಲಿವುಡ್ ಚಿತ್ರದ ಗೆಲುವು–ಸೋಲನ್ನು ಅಳೆಯುವುದು: 'ಜಾಸ್' ಕುರಿತ ಅಧ್ಯಯನ ಟಿಪ್ಪಣಿ

ಹಾಲಿವುಡ್ಡಿನ ಜನಪ್ರಿಯ ಚಿತ್ರವೊಂದು ಗೆದ್ದಿತೇ ಸೋತಿತೇ ಎಂಬ ಪ್ರಶ್ನೆ ಬಂದಾಗ ನಾವು ಮೊದಲು ಗಲ್ಲಾಪೆಟ್ಟಿಗೆಯ ಲೆಕ್ಕವನ್ನು, ಅನಂತರ ವಿಮರ್ಶಕರು ಕೊಟ್ಟ ಅಂಕಗಳನ್ನು ಹುಡುಕುತ್ತೇವೆ. ಎರಡೂ ಉಪಯುಕ್ತವಾದ ಮಾಹಿತಿಯೇ ಹೌದು, ಆದರೆ ಅವುಗಳಿಂದಲೇ ತೀರ್ಪು ಹುಟ್ಟುವುದಿಲ್ಲ. 1963ರ 'ಕ್ಲಿಯೋಪಾತ್ರ' ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರವಾಗಿದ್ದರೂ ಮಿತಿಮೀರಿದ ವೆಚ್ಚದಿಂದಾಗಿ ತನ್ನ ಸ್ಟುಡಿಯೋವನ್ನೇ ಸಂಕಷ್ಟಕ್ಕೆ ದೂಡಿತು. 1994ರ 'ದ ಶಾಶಾಂಕ್ ರಿಡೆಂಪ್ಷನ್' ಚಿತ್ರಮಂದಿರಗಳಲ್ಲಿ ಸೊರಗಿ, ಆಮೇಲೆ ವಿಡಿಯೊ ಕ್ಯಾಸೆಟ್ ಮತ್ತು ದೂರದರ್ಶನದ ಮೂಲಕ ಜನರ ಮನೆ ಸೇರಿತು. ಇನ್ನು ರಾಟನ್ ಟೊಮ್ಯಾಟೋಸ್ ತಾಣದ ಶೇಕಡಾವಾರು ಅಂಕವು ಎಷ್ಟು ಮಂದಿ ವಿಮರ್ಶಕರು ಚಿತ್ರವನ್ನು ಮೆಚ್ಚಿದರೆಂಬುದನ್ನು ತಿಳಿಸುತ್ತದೆಯೇ ಹೊರತು ಎಷ್ಟರಮಟ್ಟಿಗೆ ಮೆಚ್ಚಿದರೆಂಬುದನ್ನು ತಿಳಿಸುವುದಿಲ್ಲ. ಎಲ್ಲರೂ 'ಪರವಾಗಿಲ್ಲ' ಎಂದಷ್ಟೇ ಬರೆದ ಚಿತ್ರಕ್ಕೂ ಅಲ್ಲಿ ನೂರಕ್ಕೆ ನೂರು ಬರಬಹುದು.

ಹಾಗಾಗಿ ಬೇರೊಂದು ದಾರಿಯನ್ನು ಹಿಡಿಯೋಣ: ಚಿತ್ರ ತನ್ನ ಮೊದಲ ಹದಿನೈದು–ಇಪ್ಪತ್ತು ನಿಮಿಷಗಳಲ್ಲಿ ಯಾವ ಕೆಲಸವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತದೆ, ಆ ಕೆಲಸಕ್ಕೆ ಯಾವ ನಿಯಮಗಳನ್ನು ನಮಗೆ ಕಲಿಸುತ್ತದೆ, ಅವುಗಳಿಗೆ ಕೊನೆಯವರೆಗೂ ನಿಷ್ಠವಾಗಿರುತ್ತದೆಯೇ ಎಂದು ದೃಶ್ಯ ದೃಶ್ಯವಾಗಿ ಪರಿಶೀಲಿಸುವುದು. ಇದಕ್ಕೆ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ 'ಜಾಸ್' (1975) ಒಳ್ಳೆಯ ಮಾದರಿ; ಕಡಲತೀರದ ಊರೊಂದನ್ನು ಕಾಡುವ ಶಾರ್ಕನ್ನು ಬೇಟೆಯಾಡಲು ಮೂವರು ದೋಣಿಯಲ್ಲಿ ಹೊರಡುವ ಕಥೆ ಅದು.

ಆರಂಭದ ದೃಶ್ಯದಲ್ಲಿ ರಾತ್ರಿ ಸಮುದ್ರಕ್ಕಿಳಿದ ಯುವತಿಯನ್ನು ಶಾರ್ಕ್ ಎಳೆದೊಯ್ಯುತ್ತದೆ, ಆದರೆ ನಮಗೆ ಶಾರ್ಕ್ ಕಾಣುವುದೇ ಇಲ್ಲ. ನೀರಿನಡಿಯಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ಜಾನ್ ವಿಲಿಯಮ್ಸ್ ಅವರ ಎರಡೇ ಸ್ವರಗಳ ಸಂಗೀತ, ಅತ್ತಿತ್ತ ಜಗ್ಗಿಸಿಕೊಳ್ಳುವ ದೇಹ, ಇಷ್ಟೇ. ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಸಿಲುಕಿ ಪದೇ ಪದೇ ಕೆಟ್ಟು ನಿಲ್ಲುತ್ತಿದ್ದುದೂ ಅದನ್ನು ಮರೆಯಲ್ಲಿಡಲು ಒಂದು ಕಾರಣವಾಗಿತ್ತು. ಕಾರಣ ಏನೇ ಇರಲಿ, ತೆರೆಯ ಮೇಲೆ ಉಳಿದದ್ದನ್ನೇ ನಾವು ಅಳೆಯಬೇಕು. ಸಂಕಲನಕ್ಕಾಗಿ ವರ್ನಾ ಫೀಲ್ಡ್ಸ್ ಅವರಿಗೂ ಸಂಗೀತಕ್ಕಾಗಿ ವಿಲಿಯಮ್ಸ್ ಅವರಿಗೂ ಆಸ್ಕರ್ ಬಂದದ್ದು ಇದೇ ಚಿತ್ರಕ್ಕೆ.

ಸಂಗೀತದ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು, ಏಕೆಂದರೆ ಚಿತ್ರದ ನಿಜವಾದ ಜಾಣ್ಮೆ ಅಲ್ಲಿದೆ. ಶಾರ್ಕ್ ಹತ್ತಿರ ಬರುವಾಗ ಮಾತ್ರ ಆ ಸ್ವರಗಳು ಮೊಳಗುತ್ತವೆ. ಇಬ್ಬರು ಹುಡುಗರು ರಟ್ಟಿನಿಂದ ಮಾಡಿದ ಶಾರ್ಕಿನ ಈಜುರೆಕ್ಕೆ ಹಿಡಿದು ಕಡಲತೀರದ ಜನರನ್ನೆಲ್ಲ ಹೆದರಿಸುವಾಗ ಆ ಸಂಗೀತ ಇರುವುದಿಲ್ಲ; ಕಿವಿಗೊಟ್ಟು ನೋಡುವ ಪ್ರೇಕ್ಷಕನಿಗೆ ಅದು ಸುಳ್ಳು ಎಂಬ ಸುಳಿವನ್ನು ಚಿತ್ರ ಪ್ರಾಮಾಣಿಕವಾಗಿಯೇ ಕೊಟ್ಟಿರುತ್ತದೆ. ಹೀಗೆ ನಮ್ಮ ನಂಬಿಕೆಯನ್ನು ಗಳಿಸಿದ ಬಳಿಕ, ಪೊಲೀಸ್ ಮುಖ್ಯಸ್ಥ ಬ್ರಾಡಿ ದೋಣಿಯ ಹಿಂಬದಿಯಲ್ಲಿ ಗೊಣಗುತ್ತ ಮೀನಿನ ತುಣುಕುಗಳನ್ನು ನೀರಿಗೆ ಎರಚುತ್ತಿರುವಾಗ, ಯಾವ ಸ್ವರದ ಮುನ್ಸೂಚನೆಯೂ ಇಲ್ಲದೆ ಶಾರ್ಕಿನ ತಲೆ ನೀರಿನಿಂದ ಮೇಲೇಳುತ್ತದೆ. ಬರಿಯ ದೊಡ್ಡ ಸದ್ದಿನಿಂದ ಬೆಚ್ಚಿಬೀಳಿಸುವುದು ಯಾರಿಗೂ ಸಾಧ್ಯ. ತಾನೇ ಕಲಿಸಿದ ನಿಯಮವನ್ನು ಸರಿಯಾದ ಗಳಿಗೆಯಲ್ಲಿ ಮುರಿಯಲು ಅದುವರೆಗೂ ಆ ನಿಯಮವನ್ನು ಪಾಲಿಸಿರಬೇಕಾಗುತ್ತದೆ.

ಕಡಲತೀರದಲ್ಲಿ ಬ್ರಾಡಿ ಕುಳಿತು ನೀರನ್ನೇ ನೋಡುವ ದೃಶ್ಯವೂ ಇಂಥದ್ದೇ. ಕ್ಯಾಮೆರಾದ ಮುಂದೆ ಜನ ಅಡ್ಡ ಹಾಯ್ದಂತೆಲ್ಲ, ಆ ಮರೆಯಲ್ಲೇ ಕತ್ತರಿ ಆಡಿ, ನಾವು ಅವನ ಮುಖಕ್ಕೆ ಇನ್ನಷ್ಟು ಹತ್ತಿರವಾಗುತ್ತೇವೆ. ಮಾತಿನಲ್ಲಿ ಹೇಳದೆಯೇ ಅವನ ಆತಂಕ ನಮ್ಮದಾಗುತ್ತದೆ. ಶಾರ್ಕಿಗೆ ಬಲಿಯಾದ ಬಾಲಕನ ತಾಯಿ ಕಪ್ಪು ಉಡುಪು ತೊಟ್ಟು ಬಂದು, ಶಾರ್ಕ್ ಇರುವುದು ಗೊತ್ತಿದ್ದೂ ಕಡಲತೀರವನ್ನು ಮುಚ್ಚಲಿಲ್ಲವೆಂದು ಬ್ರಾಡಿಯ ಕೆನ್ನೆಗೆ ಹೊಡೆಯುವುದರಿಂದ ಆ ಸಾವು ಬರಿಯ ರೋಚಕ ಘಟನೆಯಾಗಿ ಉಳಿಯದೆ ಒಂದು ಹೊಣೆಯಾಗುತ್ತದೆ. ಜನಪ್ರಿಯ ಚಿತ್ರಗಳು ಬಹಳ ಸಲ ಮರೆಯುವ ಕೆಲಸ ಇದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯಂತ ಮುಖ್ಯವಾದ ಕ್ಷಣ.

ವಾಸ್ತವದ ತಪ್ಪುಗಳನ್ನು ಹೇಗೆ ಪರಿಗಣಿಸಬೇಕೆಂಬ ಗೊಂದಲ ಹಲವರಲ್ಲಿದೆ. ಶಾರ್ಕ್ ಬೇಟೆಗಾರ ಕ್ವಿಂಟ್ ತಾನು ಹಿಂದೆ ನಾವಿಕನಾಗಿದ್ದ ಯುದ್ಧನೌಕೆ 'ಇಂಡಿಯಾನಾಪೊಲಿಸ್' ಮುಳುಗಿದ್ದು 1945ರ ಜೂನ್ 29ರಂದು ಎನ್ನುತ್ತಾನೆ. ಇತಿಹಾಸದಲ್ಲಿ ಅದು ಜುಲೈ 30. ಈ ತಪ್ಪಿನಿಂದ ದೃಶ್ಯಕ್ಕೆ ಹಾನಿಯಿಲ್ಲ, ಏಕೆಂದರೆ ಕ್ವಿಂಟ್ ಮತ್ತು ಸಮುದ್ರಜೀವಿ ತಜ್ಞ ಹೂಪರ್ ಗಾಯದ ಕಲೆಗಳನ್ನು ತೋರಿಸಿಕೊಂಡು ನಗುತ್ತಿದ್ದ ಕೋಣೆ ಒಬ್ಬನ ಮಾತಿನಿಂದಲೇ ತಣ್ಣಗಾಗಬೇಕೆಂಬುದು ಆ ದೃಶ್ಯದ ಕೆಲಸ, ಅದು ಪೂರ್ಣವಾಗಿ ನೆರವೇರಿದೆ. ಕೊನೆಯಲ್ಲಿ ಗಾಳಿಯ ಸಿಲಿಂಡರ್ ಸ್ಫೋಟಿಸುವುದು ನಂಬಲರ್ಹವಲ್ಲ ಎನ್ನುವವರು, ಆ ಸಿಲಿಂಡರುಗಳ ಅಪಾಯದ ಬಗ್ಗೆ ಹೂಪರ್ ಮೊದಲೇ ಬ್ರಾಡಿಯನ್ನು ಎಚ್ಚರಿಸಿದ್ದನ್ನು ನೆನಪಿಸಿಕೊಳ್ಳಬೇಕು. ಚಿತ್ರದೊಳಗಿನ ತರ್ಕಕ್ಕೆ ಅಷ್ಟು ಸಾಕು.

ಹಾಗಾದರೆ ಕೊರತೆಗಳೆಲ್ಲಿ? ಶಾರ್ಕ್ ದೋಣಿಯ ಮೇಲೇರುವ ದೀರ್ಘ ದೃಶ್ಯದಲ್ಲಿ ಅದರ ರಬ್ಬರ್ ಮೈ ಎದ್ದು ಕಾಣುತ್ತದೆ, ಅಲ್ಲಿಯವರೆಗೆ ಕಲ್ಪನೆಗೆ ಬಿಟ್ಟದ್ದರ ಭಾರ ಇಳಿಯುತ್ತದೆ. ಇದನ್ನು ಸಣ್ಣದೆಂದು ಬದಿಗಿಡಬಹುದು. ಬ್ರಾಡಿಯ ಪತ್ನಿ ಎಲೆನ್‌ಳ ವಿಷಯವನ್ನು ಹಾಗೆ ಬದಿಗಿಡಲಾಗದು. ಊಟದ ಮೇಜಿನ ಬಳಿ ಪುಟ್ಟ ಮಗ ತಂದೆಯ ಪ್ರತಿ ಚಲನೆಯನ್ನೂ ಅನುಕರಿಸುವಾಗ ಹಿಂದೆ ನಿಂತು ನೋಡುವ ಅವಳ ಮುಖದಲ್ಲೇ ಆ ಕುಟುಂಬದ ಕಥೆ ಇದೆ. ದೋಣಿ ಬಂದರು ಬಿಟ್ಟ ಮೇಲೆ ಚಿತ್ರ ಅವಳನ್ನು ಹೆಚ್ಚುಕಡಿಮೆ ಮರೆತುಬಿಡುತ್ತದೆ, ಕೊನೆಯಲ್ಲಿ ಬ್ರಾಡಿ ದಡದತ್ತ ಈಜುವಾಗ ಅಲ್ಲಿ ಕಾಯುವವರ ಒಂದು ದೃಶ್ಯವೂ ಇಲ್ಲ.